ಕಮಲಾಪುರದಲ್ಲಿ ಹೇಳದೆ ಬಂದ ಮಾತು

ಬೆಳಿಗ್ಗೆ ನಳದ ನೀರು ಹಿಡಿದೆ. ಅಕ್ಕನ ಬಿ.ಪಿ. ಗುಳಿಗೆ ತೆಗೆದಿಟ್ಟೆ. ನಾಷ್ಟಾಕ್ಕೆ ಮಂಡಕ್ಕಿಯ ಸುಸಲಾ ಮಾಡಿದೆ. ಎರಡು ಸೀರೆ ಇಸ್ತ್ರಿಗೆ ಕೊಟ್ಟೆ. ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಅಧ್ಯಾಯ ತಿದ್ದಿದೆ, ಅರ್ಧ. ಆಮೇಲೆ ನಮ್ಮ ಬಡಾವಣೆ ಖೂಬಾ ಪ್ಲಾಟಿನಿಂದ ಆಟೋ ಹಿಡಿದು ಹೋಗಿ ಕಮಲಾಪುರದ ಬಸ್ ಹತ್ತಿದೆ.

ವಿದೇಶಕ್ಕೆ ಓದಲು ಹೋಗುವ ಹೆಣ್ಣುಮಕ್ಕಳ ಬಗ್ಗೆ ಅಧ್ಯಯನ ಮಾಡುವುದು ನನ್ನ ಕೆಲಸ. ಯಾರು ಹೋಗುತ್ತಾರೆ, ಯಾರು ತಡೆಯುತ್ತಾರೆ, ಯಾವ ಷರತ್ತಿನ ಮೇಲೆ ಕಳಿಸುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತೇನೆ. ಸಲಹೆ ಮಾತ್ರ ಕೊಡುವುದಿಲ್ಲ. ಕೊಟ್ಟರೆ ನೋಡಲು ಬಂದದ್ದನ್ನು ನಾನೇ ಬದಲಿಸಿದಂತೆ.

ಹೋದ ವಾರ ಕಮಲಾಪುರದ ಒಂದು ಮನೆಯಲ್ಲಿಯೂ ಹಾಗೇ ಮಾಡಿದ್ದೆ. ಆ ಮನೆಯ ಹುಡುಗಿಗೆ ಜರ್ಮನಿಯಲ್ಲಿ ಮಣ್ಣಿನ ವಿಜ್ಞಾನ ಓದಲು ಸೀಟು ಸಿಕ್ಕಿತ್ತು. ಅವಳ ಅಜ್ಜಿ ಚಹಾ ಕೊಟ್ಟು ನೇರವಾಗಿ ಕೇಳಿದ್ದರು: “ನೀವು ಓದಸೂ ಮಂದಿ. ಕಳಸಬೇಕೋ ಬ್ಯಾಡೋ, ಹೇಳ್ರಿ ಬಾಯೋರ.”

“ಅದು ನಿಮ್ಮ ಮನಿ ವಿಚಾರರೀ,” ಎಂದು ನಕ್ಕು, ಪೆನ್ನಿನ ಮುಚ್ಚಳ ಹಾಕಿ ಎದ್ದಿದ್ದೆ.

ನಿನ್ನೆ ಹುಡುಗಿ ಫೋನ್ ಮಾಡಿದಳು. “ನೀವು ಹ್ಞೂ ಅನಲಿಲ್ಲಲ್ರೀ. ಅಷ್ಟು ಹೆಣ್ಮಕ್ಕಳನ್ನ ನೋಡಿದವ್ರು ಸುಮ್ಮನಾದ್ರು ಅಂದ್ರ ಏನೋ ಕೆಟ್ಟದ್ದು ಗೊತ್ತದ, ಮುಖದ ಮ್ಯಾಲ ಬ್ಯಾಡ ಅನ್ನಾಕ ಸಂಕೋಚ ಮಾಡ್ಯಾರ ಅಂತ ಅಪ್ಪ ತಿಳ್ಕೊಂಡಾನ. ಸೀಟು ಒಪ್ಕೊಳ್ಳಾಕ ನಾಳಿಗೇ ಕಡೀ ದಿನ.”

ನಮ್ಮ ಕಡೆ ಹೆಣ್ಣು ನೋಡಲು ಹೋದ ಹಿರಿಯರು ಬೇಡವೆನ್ನುವುದು ಹೀಗೆಯೇ. ಚಹಾ ಕುಡಿದು, ನಕ್ಕು, ನಿಮ್ಮ ವಿಚಾರ ಎಂದು ಏಳುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆದಿರಲಿಲ್ಲ.

ಬಸ್ಸು ಕಪನೂರ ದಾಟುವವರೆಗೂ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ. ಆ ಮನೆಯಲ್ಲಿ ಅಷ್ಟು ಮಾತು ಬೇಕಾಗಲಿಲ್ಲ. “ಕಳಸ್ರಿ,” ಎಂದೆ. “ನನಗೇನೂ ಕೆಟ್ಟದ್ದು ಗೊತ್ತಿಲ್ಲ. ಮಗಳಿದ್ದಿದ್ರ ನಾ ಕಳಸ್ತಿದ್ದೆ.”

“ಹೋದ ವಾರ ಬಾಯಾಗ ಎಲಿ ಅಡಿಕಿ ಇತ್ತೇನ್ರಿ?” ಎಂದರು ಅಜ್ಜಿ.

ಹುಡುಗಿಯ ಅಪ್ಪ ನಗಲಿಲ್ಲ. ಜರ್ಮನಿಯಲ್ಲಿ ಹುಡುಗಿಯರು ಯಾರ ಜೊತೆ ಇರುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಂದು ಕೇಳಿದರು. ಗೊತ್ತಿದ್ದಷ್ಟು ಹೇಳಿದೆ, ಮೊದಲ ಚಳಿಗಾಲ ಬಹಳ ಒಂಟಿ ಎನ್ನುವುದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಅವರು ಫೋನನ್ನು ಮಗಳ ಕಡೆ ಚಾಚಿ, “ತಗೋವಾ, ಏನ್ ಒತ್ತೂದದನೋ ಒತ್ತು,” ಎಂದರು.

ನಾನೇ ಮಾತು ಹಾಕಿದ ಮೇಲೆ ಆ ಮನೆಯ ಸಂದರ್ಶನವನ್ನು ಬಳಸುವಂತಿಲ್ಲ. ಮರಳುವ ಬಸ್ಸಿನಲ್ಲಿ ಆ ಪುಟಗಳ ಮೇಲೆ ಗೆರೆ ಎಳೆದೆ. ಇನ್ನು ಅಲ್ಲಿಗೆ ಹೋಗಲು ನನಗೆ ಕಾರಣವಿಲ್ಲ. ಇವತ್ತಿನದೂ ಸೇರಿ ಮೂರು ಸಲ ಹೋಗಿದ್ದೆ. ಮೂರು ಸಲವೂ ಯಾರಾದರೂ ತಿನ್ನಲು ಕೊಟ್ಟು ಎದುರಿಗೆ ಕೂತು ‘ಇನ್ನೊಂದೀಟು ಹಾಕೋರಿ’ ಎಂದಿದ್ದರು.

ಮನೆಗೆ ಬಂದಾಗ ಅಕ್ಕ, “ಬಸ್ಸಿನ್ಯಾಗ ಜಾಗಾ ಸಿಕ್ತೇನು?” ಎಂದಳು. ಸಿಕ್ತು ಎಂದೆ. ಅವಳಿಗೆ ಕಿವಿ ಮಂದ; ಉಳಿದದ್ದು ಕೂಗಿ ಹೇಳುವಂಥದ್ದಲ್ಲ. ನಾವಿಬ್ಬರೇ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡೆವು. ಅಕ್ಕ ಮೊದಲು ಮಲಗಿದಳು.