ಅಪ್ಪನ ಎರೆಮಣ್ಣು

ಕೊಲ್ಹಾರದಲ್ಲಿ ಹದಿನೆಂಟು ವರ್ಷದಿಂದ ಗೊಬ್ಬರದ ಅಂಗಡಿ ನಡೆಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ತಾವಾಗಿ ಕೇಳಿ ಒಂದು ಚೀಲ ಯೂರಿಯಾ ಕೂಡ ಒಯ್ಯದ ರೈತರೆಂದರೆ ನಬಿಲಾಲ ಕಾಕಾ ಒಬ್ಬರೇ. ಹಾಗಂತ ಅಂಗಡಿಗೆ ಬರುವುದಿಲ್ಲವೇ? ದಿನಾ ಬರುತ್ತಾರೆ. ಚಹಾ ಕುಡಿಯುತ್ತಾರೆ, ಪೇಪರ್ ಓದುತ್ತಾರೆ, ಟೊಪ್ಪಿಗೆ ಸರಿ ಮಾಡಿಕೊಂಡು ಎದ್ದು ಹೋಗುತ್ತಾರೆ. ನಾನು ಮೊದಲೇ ಸಿಡುಕಿ, ಮೈ ಉರಿಯದೆ ಇರುತ್ತದೆಯೇ?

“ಕಾಕಾ, ಹಸಿರ ಕಂಡ್ರ ನಿಮ್ಮ ಕಣ್ಣಾಗ ಖಾರ ಬೀಳತೈತೇನ್ರಿ?” ಎಂದು ಕೇಳಿದ್ದೆ ಒಮ್ಮೆ.

ಅವರು ನಕ್ಕು ಹೇಳಿದ್ದು ಇಷ್ಟೇ: “ಬೇರಿನ ಬೆಳಿ ತಂಗಿ ನಂದು. ಹೊಟ್ಟಿ ತುಂಬ ಉಣಿಸಿದ್ರ ಗಿಡ ಮ್ಯಾಲ ಕುಂತ ಬಿಡತೈತಿ. ಹಸಿವಾದ್ರ ಹುಡುಕ್ಕೋತ ಕೆಳಗ ಇಳೀತೈತಿ.”

ಅವರು ಬೆಳೆಯುವುದು ಅಶ್ವಗಂಧ. ನಮ್ಮ ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅವರ ಪಾಲಿಗೆ ಉಳಿದದ್ದು ಒಂದು ಎಕರೆ ಮಡ್ಡಿ, ಬರೀ ಗರಸು ಕಲ್ಲಿನ ದಿಬ್ಬ. ಜೋಳ ಬಿತ್ತಿದರೆ ಮೊಣಕಾಲಿಗೂ ಬಾರದು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಕಾಕಾ ಮಾತ್ರ ಆ ನೆಲಕ್ಕೆ ಏನು ಬೇಕೆಂದು ನಾಲ್ಕು ವರ್ಷ ಒಂದೊಂದೇ ಬೀಜ ಹಾಕಿ ನೋಡಿದರು. ಕೊನೆಗೆ ಕೈ ಹಿಡಿದದ್ದು ಅಶ್ವಗಂಧ. ವರ್ಷಕ್ಕೊಮ್ಮೆ ಎರಡು ಗಾಡಿ ಹಳೆಯ ಕೊಟ್ಟಿಗೆ ಗೊಬ್ಬರ, ಮಳೆಯ ನೀರು, ಅಷ್ಟೇ. ಬಾಗೇವಾಡಿಯ ವೈದ್ಯ ಸಂಗಮೇಶ ಪ್ರತಿ ಫೆಬ್ರುವರಿಗೆ ಬಂದು ಒಂದು ಬೇರನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದ. ಟಕ್ ಎಂದು ಮುರಿದು ಒಳಗೆ ಹಿಟ್ಟಿನಂತೆ ಬೆಳ್ಳಗೆ ಕಂಡರೆ ಬೆಳೆಯಷ್ಟನ್ನೂ ಅವನೇ ಒಯ್ಯುತ್ತಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳದ ವೈದ್ಯರು ಕೂಡ ಅವನ ಹತ್ತಿರ ಕೊಲ್ಹಾರದ ಬೇರೇ ಬೇಕೆಂದು ಕೇಳುತ್ತಿದ್ದರಂತೆ. ಕಾಕಾನಿಗೆ ಇದ್ದ ಹೆಮ್ಮೆ ಅದೊಂದೇ.

ಕಾಕಾನ ಅಪ್ಪನಿಗೆ ಮಾತ್ರ ಆ ಮಡ್ಡಿ ಕಡೆತನಕ ಹೊಂದಲಿಲ್ಲ. ನೀರೊಳಗೆ ಹೋದ ಕಪ್ಪು ಮಣ್ಣಿನ ಎರೆಹೊಲದ್ದೇ ಧ್ಯಾನ. ಹದಿನೈದು ವರ್ಷದ ಹಿಂದೆ, ಮಳೆಗಾಲದಲ್ಲಿ, ಮುದುಕ ಕಣ್ಣು ಮುಚ್ಚುವ ಮುಂಚೆ ಆಡಿದ್ದು ಒಂದೇ ಮಾತು: “ನಮ್ಮ ಮಣ್ಣ ತರ್ರೋ.” ಆಗ ಹಿನ್ನೀರು ತುಂಬಿ ನಿಂತಿತ್ತು, ಎಲ್ಲಿಂದ ತರುವುದು? ಹೊಸ ಊರಿನ ಖಬರಸ್ತಾನದ ಗರಸಿನಲ್ಲೇ ಮಣ್ಣು ಮಾಡಿದರು. ಅವರ ಪದ್ಧತಿಯಂತೆ ಕಾಕಾ ಗೋರಿಯ ಮೇಲೆ ತುಳಸಿಯಂಥ ಘಮದ ಸಬ್ಜಾ ಗಿಡ ಹಚ್ಚಿದರು. ಶುಕ್ರವಾರಕ್ಕೊಮ್ಮೆ ಕೊಡ ನೀರು ಹಾಕುತ್ತಿದ್ದರು. ಹಾಕಿದ ನೀರು ಗಳಿಗೆಯಲ್ಲಿ ಇಂಗಿಹೋಗುತ್ತಿತ್ತು, ಗಿಡ ಒಣಗುತ್ತಿತ್ತು, ಮರುವರ್ಷ ಮತ್ತೆ ಹಚ್ಚುತ್ತಿದ್ದರು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಹಿನ್ನೀರು ಎಂದೂ ಇಳಿಯದಷ್ಟು ಇಳಿಯಿತು. ಮುಳುಗಿದ್ದ ಹೊಲಗಳು ಬಿರುಕುಬಿಟ್ಟು ಮೇಲೆದ್ದವು. ಊರಿಗೆ ಊರೇ ಟ್ರ್ಯಾಕ್ಟರ್ ಕಟ್ಟಿಕೊಂಡು ತಮ್ಮ ತಮ್ಮ ಎರೆಮಣ್ಣು ಹೇರಿಕೊಂಡು ಬಂದು ಮಡ್ಡಿಗೆ ಹರಡತೊಡಗಿತು.

ಕಾಕಾ ಅಂಗಡಿಗೆ ಓಡಿಬಂದರು. “ತಂಗಿ, ಅಪ್ಪನ ಹೊಲ ಮ್ಯಾಲ ಬಂದೈತಿ. ಟ್ರ್ಯಾಕ್ಟರ್ ಎರಡ ದಿನ ಕೊಡವಾ.”

ಕೊಟ್ಟೆ. ಕೊಟ್ಟು ಸುಮ್ಮನಿದ್ದೆನೇ? ಯೂರಿಯಾ ಚೀಲವನ್ನೂ ಮೇಲೆ ಒಗೆಸಿದೆ. ಅವರು ಬೇಡವೆಂದರು. “ಅಪ್ಪನ ಮಣ್ಣು ಇಷ್ಟ ವರ್ಷದ ಮ್ಯಾಲ ಮನಿಗೆ ಬರಾಕತ್ತೈತಿ, ಬರಿಗೈಲೆ ಕರಕೋತೀರೇನ್ರಿ?” ಎಂದು ದಬಾಯಿಸಿದೆ. ಆ ಮಾತಿಗೆ ಕರಗಿದರು. ಅರ್ಧ ಎಕರೆಗೆ ಮಣ್ಣು ಹರಡಿದರು, ಮಳೆ ಬಿದ್ದ ಮೇಲೆ ಬಿತ್ತಿದರು, ನನ್ನ ಯೂರಿಯಾ ಉಗ್ಗಿದರು.

ಬೆಳೆ ಬಂತು ನೋಡಿ! ಎದೆಯುದ್ದ, ಕಡುಹಸಿರು. ಪಕ್ಕದ ಬರೀ ಮಡ್ಡಿಯಲ್ಲಿದ್ದ ಗಿಡಗಳು ಅದರ ಮುಂದೆ ಬಡಪಾಯಿಗಳು. ನೋಡಲು ಬಂದವರಿಗೆಲ್ಲ ನಾನೇ ಮುಂದೆ ನಿಂತು ತೋರಿಸಿದೆ. ಎಷ್ಟು ಮೆರೆದೆನೋ ನೆನೆದರೆ ಈಗ ನಾಚಿಕೆಯಾಗುತ್ತದೆ.

ಫೆಬ್ರುವರಿಯಲ್ಲಿ ಮಡ್ಡಿಯ ಗಿಡಗಳು ಒಣಗಿ ಕೆಂಪು ಹಣ್ಣು ಬಿಟ್ಟಿದ್ದವು. ಎರೆಮಣ್ಣಿನವು ಇನ್ನೂ ಹಸಿರಾಗಿಯೇ ನಿಂತಿದ್ದವು. ಸಂಗಮೇಶ ಬಂದು ಅವುಗಳಲ್ಲಿ ಒಂದನ್ನು ಕಿತ್ತ. ಅಷ್ಟು ದೊಡ್ಡ ಗಿಡದ ಬುಡದಲ್ಲಿ ದಾರದಂಥ ನಾಲ್ಕು ಕವಲು ಬೇರು! ಮುರಿದರೆ ಮುರಿಯಲಿಲ್ಲ, ನಾರಿನಂತೆ ಬಾಗಿತು. ಇನ್ನೊಂದು ಕಿತ್ತ, ಅದು ನೀರು ನಿಂತು ಕೊಳೆತಿತ್ತು. ಮಡ್ಡಿಯ ಬಡಪಾಯಿಯನ್ನು ಕಿತ್ತ. ಬೆರಳು ದಪ್ಪದ ನೇರ ಬೇರು ಟಕ್ ಎಂದಿತು.

“ಕಾಕಾ, ಇದು ಬಾಣಂತ್ಯಾರಿಗೆ ಕೊಡೋ ಔಷಧ. ಆ ಬೇರು ನಾ ಒಯ್ಯಂಗಿಲ್ರಿ,” ಎಂದ ಸಂಗಮೇಶ. “ಉಳಿದ ಅರ್ಧದಾಗ ನನಗ ಸಾಲೂದಿಲ್ಲ. ಈ ಮಣ್ಣು ಇರೋತನಕ ಇಲ್ಲಿ ಬೇರು ಇಳಿಯೂದಿಲ್ಲ. ಮುಂದಿನ ಸಲಾನೂ ಹಿಂಗ ಆದ್ರ ನಾ ಬ್ಯಾರೆ ಕಡೆ ನೋಡಬೇಕಾಗತೈತಿ.”

ಕಾಕಾ ಬದುವಿನ ಮೇಲೆ ಕುಳಿತುಬಿಟ್ಟರು. ಬೈಯಲಿ ಎಂದು ಕಾದೆ. “ಗೊತ್ತಿದ್ದೂ ಮಾಡಿದೆ ತಂಗಿ. ನಿನ್ನ ತಪ್ಪಲ್ಲ,” ಎಂದರು. ಅದನ್ನು ಕೇಳಿ ನನಗೆ ಅಳು ಬಂತು. ಇಪ್ಪತ್ತು ವರ್ಷ ಗಳಿಸಿದ ಹೆಸರು ಉಳಿಯಬೇಕೆಂದರೆ ಅಪ್ಪನ ಮಣ್ಣನ್ನು ಕೆರೆದು ಹೊರಗೆ ಹಾಕಬೇಕಿತ್ತು. ಎರಡು ತಿಂಗಳು ಅವರು ಅಂಗಡಿಯ ಕಡೆ ಸುಳಿಯಲಿಲ್ಲ. ಪೇಪರ್ ಮಡಿಚಿದ್ದು ಮಡಿಚಿದಂತೇ ಇರುತ್ತಿತ್ತು. ಆ ದಿನಗಳಲ್ಲಿ ಯೂರಿಯಾ ಚೀಲ ಕಂಡರೇ ನನಗೆ ಸಿಟ್ಟು ಬರುತ್ತಿತ್ತು.

ಮೇ ತಿಂಗಳ ಒಂದು ಮುಂಜಾನೆ ಸುದ್ದಿ ಬಂತು: ನಬಿಲಾಲ ಒಬ್ಬರೇ ಸಲಿಕೆ ಹಿಡಿದು ಹೊಲ ಕೆರೆಯುತ್ತಿದ್ದಾರೆ! ಅರವತ್ತೈದರ ಮನುಷ್ಯ, ಅದೂ ಆ ಬಿಸಿಲಿನಲ್ಲಿ. ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆ. ನಾಲ್ಕು ಆಳು ಕರೆಯುತ್ತೇನೆಂದರೆ ಒಪ್ಪಲಿಲ್ಲ. “ಹಾಕಿದಾಂವ ನಾ, ನಾನ ತಗೀತೇನಿ,” ಎಂದರು. ಆರು ದಿನ ಕೆರೆದರು. ಮಣ್ಣನ್ನು ಹಳ್ಳಕ್ಕೆ ಒಗೆಯಲಿಲ್ಲ. ಪಕ್ಕದ ಗುರವ್ವ ತೊಗರಿ ಹೊಲಕ್ಕೆ ಬೇಕೆಂದಳು, ಅವಳಿಗೆ ಕೊಟ್ಟರು. ಕೊನೆಗೆ ಹತ್ತು ಬುಟ್ಟಿಯಷ್ಟು ಉಳಿಸಿಕೊಂಡು, “ಇದನ್ನ ಖಬರಸ್ತಾನಕ್ಕ ಹೊಡಿ,” ಎಂದರು. ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲ, ನಾನು ಕಾಂಪೌಂಡಿನ ಹೊರಗೇ ನಿಂತೆ. ಅವರು ಒಂದೊಂದೇ ಬುಟ್ಟಿ ಹೊತ್ತು ಒಳಗೆ ಹೋದರು.

ಮುಂದಿನ ಫೆಬ್ರುವರಿಗೆ ಸಂಗಮೇಶ ಬಂದ. ಕೆರೆದ ಜಾಗದಲ್ಲೇ ಗಿಡ ಕಿತ್ತು ಕಿವಿಯ ಹತ್ತಿರ ಹಿಡಿದು ಮುರಿದ. ಟಕ್! ನಾನು ಅಲ್ಲೇ ಚಪ್ಪಾಳೆ ಹೊಡೆದುಬಿಟ್ಟೆ. ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡು ಹೋದ.

ಅವನು ಹೋದ ಮೇಲೆ ಕಾಕಾ, “ಬಾ ತಂಗಿ, ಒಂದು ತೋರಸ್ತೇನಿ,” ಎಂದು ಖಬರಸ್ತಾನದ ಗೋಡೆಯ ತನಕ ಕರೆದೊಯ್ದರು. ಸುತ್ತ ಎಲ್ಲ ಗೋರಿಗಳ ಮೇಲೆ ಒಣಗಿದ ಕಡ್ಡಿ. ಅವರ ಅಪ್ಪನ ಮೇಲೆ ಮಾತ್ರ ಸೊಂಟದೆತ್ತರ ಸಬ್ಜಾ, ಹಸಿರಂದರೆ ಹಸಿರು! ಗಾಳಿ ಬಂದರೆ ಘಮ ಗೋಡೆ ದಾಟಿ ಬರುತ್ತಿತ್ತು. ಶುಕ್ರವಾರ ಹಾಕಿದ ನೀರನ್ನು ಎರೆಮಣ್ಣು ಇನ್ನೊಂದು ಶುಕ್ರವಾರದ ತನಕ ಹಿಡಿದಿಟ್ಟುಕೊಂಡಿತ್ತು.

ಕಾಕಾ ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡರು. “ನಮ್ಮ ಮಣ್ಣ ತರ್ರೋ ಅಂದಿದ್ದ. ಹೊಲಕ್ಕ ಕೇಳ್ಯಾನ ಅಂತ ತಿಳಕೊಂಡಿದ್ನೆವಾ. ತನಗ ಕೇಳಿದ್ದ.”