ಬೆಳಿಗ್ಗೆ ಆರಕ್ಕೆ ಚಹಾದ ಬೆಲೆ ಕೇಳುವ ರೇಣುಕವ್ವ

ಬೆಳಗಿನ ಆರು ಗಂಟೆ. ಜಯನಗರ ಒಂಬತ್ತನೇ ಬ್ಲಾಕಿನ ಬೇಕರಿಯ ಶಟರ್ ಇನ್ನೂ ಅರ್ಧ ಮಾತ್ರ ಎದ್ದಿದೆ. ಮೇಲಿನ ಮಹಡಿಯಲ್ಲಿ, ಸುವಿಹಾರ ಟ್ರಾವೆಲ್ಸ್ ಎಂಬ ಎರಡು ಕೋಣೆಯ ಕಚೇರಿಯಲ್ಲಿ, ರೇಣುಕವ್ವ ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಒದ್ದೆ ಬಟ್ಟೆಯಲ್ಲಿ ಗೋಡೆಯ ಕಪ್ಪು ಹಲಗೆಯನ್ನು ಒರೆಸುತ್ತಾರೆ. ಸೀಮೆಸುಣ್ಣ ಕೈಗೆ ತೆಗೆದುಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಾರೆ. ಬ್ಯಾಂಕಾಕಿನಲ್ಲಿ ಈಗ ಏಳೂವರೆ.

"ಗುರುಸಿದ್ದ, ಎದ್ದೀಯೇನಪಾ?"

"ಎದ್ದು ಎರಡು ತಾಸಾತಕ್ಕಾ. ಉಳ್ಳಾಗಡ್ಡಿ ಹೆಚ್ಚಾಕತ್ತೀನಿ."

"ನಿಮ್ಮ ಓಣ್ಯಾಗ ಚಹಾ ಎಷ್ಟು?"

"ಇಪ್ಪತ್ತೈದು ಬಾತ್. ನಿನ್ನೆ ಎಷ್ಟಿತ್ತೋ ಅಷ್ಟ. ದಿನಾ ಬೆಲಿ ಕೇಳ್ತಿ, ಒಂದಿನರ ಕುಡ್ಯಾಕ ಬರಾಂಗಿಲ್ಲ!"

"ಬರ್ತೀನೋ ಮಾರಾಯಾ. ಅನ್ನದ ತಾಟು?"

"ಐವತ್ತೈದು."

ಗದಗದ ಗುರುಸಿದ್ದ ಅಲ್ಲಿನ ಒಂದು ಭಾರತೀಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಅವನ ನಂತರ ಹನೋಯ್‌ನ ವ್ಯಾನ್ ಚಾಲಕ, ಕೊರಿಯಾದ ಸಿಯೋಲ್‌ನಲ್ಲಿ ಓದುತ್ತಿರುವ ಹುಡುಗಿ, ಕೊಲಂಬೊದ ಲಾಡ್ಜಿನ ಕ್ಲರ್ಕ್. ಒಟ್ಟು ಏಳು ಕರೆ. ಎಲ್ಲರನ್ನೂ ಕೇಳುವುದು ಮೂರೇ ಪ್ರಶ್ನೆ: ರಸ್ತೆ ಬದಿಯ ಒಂದು ಚಹಾ ಎಷ್ಟು, ಕೂಲಿಯವನು ತಿನ್ನುವ ಒಂದು ಊಟ ಎಷ್ಟು, ಒಂದು ಬಸ್ ಟಿಕೆಟ್ ಎಷ್ಟು. ಚಹಾ ಸಿಗದ ಕಡೆ ಕಾಫಿ. ಆ ದಿನದ ವಿನಿಮಯ ದರ ನೋಡಿ, ಎಲ್ಲವನ್ನೂ ರೂಪಾಯಿಗೆ ತಂದು ಹಲಗೆಯ ಮೇಲೆ ಬರೆಯುತ್ತಾರೆ. ಏಳು ಗಂಟೆಗೆ ಹಲಗೆ ತುಂಬುತ್ತದೆ. ಹನ್ನೊಂದು ವರ್ಷದ ಕೆಲಸದಲ್ಲಿ ಎಂಟು ವರ್ಷದಿಂದ ಇದು ಹೀಗೆಯೇ ನಡೆದಿದೆ. ಈ ಒಂದು ತಾಸಿಗೆ ಸಂಬಳವಿಲ್ಲ. ಅವರ ಡ್ಯೂಟಿ ಶುರುವಾಗುವುದು ಒಂಬತ್ತೂವರೆಗೆ.

"ನೋಟಿನ್ಯಾಗ ಸೊನ್ನಿ ಭಾಳ ಇದ್ರ ಊರು ಸೋವಿ ಅಂತ ತಿಳೀತಾರ್ರೀ ಮಂದಿ. ಸೊನ್ನಿ ಉಣ್ಣಾಕ ಬರತೈತೇನ್ರೀ?" ಎಂದು ಕೈಯ ಸುಣ್ಣ ಕೊಡವುತ್ತಾರೆ.

ಹಲಗೆಯ ಎರಡು ಸಾಲು ಓದಿದರೆ ಅವರ ಮಾತು ಯಾರಿಗಾದರೂ ತಿಳಿಯುತ್ತದೆ. ನಮ್ಮ ಒಂದು ರೂಪಾಯಿಗೆ ಕೊರಿಯಾದ ಹದಿನಾರು ವಾನ್ ಬರುತ್ತದೆ. ಥಾಯ್ಲೆಂಡಿನ ಒಂದು ಬಾತ್ ಬೇಕಾದರೆ ನಾವೇ ಎರಡೂಮುಕ್ಕಾಲು ರೂಪಾಯಿ ಕೊಡಬೇಕು. ದರ ಮಾತ್ರ ನೋಡುವವನಿಗೆ ಕೊರಿಯಾ ಅಗ್ಗ, ಥಾಯ್ಲೆಂಡ್ ದುಬಾರಿ. ಹಲಗೆ ಹೇಳುವುದು ಬೇರೆ: ಕೊರಿಯಾದ ಒಂದು ಕಾಫಿ ಇನ್ನೂರ ಎಂಬತ್ತು ರೂಪಾಯಿ, ಊಟ ಆರುನೂರ ಇಪ್ಪತ್ತೈದು, ಥಾಯ್ಲೆಂಡಿನ ಚಹಾ ಎಪ್ಪತ್ತು, ಊಟ ನೂರಾ ಐವತ್ತು. ಪ್ಯಾಕೇಜಿನಲ್ಲಿ ಬರುವುದು ವಿಮಾನ, ಹೋಟೆಲು, ಬೆಳಗಿನ ತಿಂಡಿ. ಎರಡು ಹೊತ್ತಿನ ಊಟ, ಓಡಾಟ ಪ್ರವಾಸಿಗನ ಜೇಬಿನದು. ಆ ಜೇಬು ಎಲ್ಲಿ ಹರಿಯುತ್ತದೆ ಎಂಬುದನ್ನು ಬಣ್ಣದ ಕರಪತ್ರ ಹೇಳುವುದಿಲ್ಲ.

ಈ ವಿದ್ಯೆ ಅವರಿಗೆ ಯಾವ ಕೋರ್ಸಿನಿಂದಲೂ ಬಂದದ್ದಲ್ಲ. ಗದಗ ಸ್ಟೇಷನ್ ಬಳಿ ಅವರ ತಾಯಿ ಖಾನಾವಳಿ ನಡೆಸುತ್ತಿದ್ದರು. "ನಮ್ಮವ್ವ ಊಟದ ದರ ಬರಿಯೂ ಮೊದಲ ನನ್ನ ಬಾಜೂ ಅಂಗಡಿಗೆ ಕಳಸ್ತಿದ್ಲು, ಚಹಾ ಎಷ್ಟು ಕೇಳ್ಕೊಂಡು ಬಾ ಅಂತ. ಹಮಾಲಿ ಮಾಡಾವ ಚಹಾಕ್ಕ ಎಷ್ಟು ಕೊಡ್ತಾನ ಅಂತ ತಿಳಿದ್ರ ಊಟಕ್ಕ ಎಷ್ಟು ಕೊಡಬಲ್ಲ ಅಂತ ತಿಳೀತೈತಿ ಅಂತಿದ್ಲು." ಬಿ.ಕಾಂ. ಎರಡನೇ ವರ್ಷಕ್ಕೆ ಓದು ನಿಂತಿತು. ಮದುವೆಯಾಗಿ ಪತಿ ಭೀಮಪ್ಪನವರೊಂದಿಗೆ ಬೆಂಗಳೂರಿಗೆ ಬಂದರು. ಭೀಮಪ್ಪ ಎಲೆಕ್ಟ್ರಿಷಿಯನ್. ಸುದ್ದಗುಂಟೆಪಾಳ್ಯದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. "ಇಕಿ ಮನ್ಯಾಗ ಸಕ್ಕರಿ ತೀರಿದ್ದು ಮರೀತಾಳ್ರೀ, ಬ್ಯಾಂಕಾಕಿನ ಚಹಾ ಮರಿಯಾಂಗಿಲ್ಲ," ಎನ್ನುತ್ತಾರೆ ಭೀಮಪ್ಪ.

ಹಲಗೆ ಹುಟ್ಟಿದ್ದು ಒಂದು ತಪ್ಪಿನಿಂದ. ಎಂಟು ವರ್ಷದ ಹಿಂದೆ ನಿವೃತ್ತ ಬಸ್ ಕಂಡಕ್ಟರ್ ಗಂಗಯ್ಯ, ಪತ್ನಿಯೊಂದಿಗೆ ಕೊರಿಯಾಕ್ಕೆ ಹೊರಟರು. ಒಂದಕ್ಕೆ ಹದಿನಾರು ಎಂದು ಅವರಿಗೆ ಹೇಳಿ ಟಿಕೆಟ್ ಬರೆದವರು ಸ್ವತಃ ರೇಣುಕವ್ವ. ಹಾಗೆ ಹೇಳಬೇಕೆಂದು ಕಚೇರಿಯಲ್ಲಿ ಕಲಿಸಿದ್ದರು. ವಾಪಸು ಬಂದ ಗಂಗಯ್ಯ ಬೈಯಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು, "ಮೂರು ದಿನ ರೂಮಲ್ಲೇ ಗೊಜ್ಜವಲಕ್ಕಿ ತಿಂದ್ವಿ ಕಣಮ್ಮ. ಕೆಳಗಡೆ ಹೋಟ್ಲಿಗೆ ಹೋಗೋಕೆ ಧೈರ್ಯ ಬರ್ಲಿಲ್ಲ," ಎಂದಷ್ಟೇ ಹೇಳಿ ಎದ್ದು ಹೋದರು. ಮಾರನೆಯ ವಾರ ರೇಣುಕವ್ವ ತಮ್ಮ ದುಡ್ಡಿನಲ್ಲಿ ಹಲಗೆ ತಂದರು.

ಹಲಗೆಯ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ತೂಗುತ್ತದೆ. ಅದರಲ್ಲಿರುವುದು ಒಂಟಿಯಾಗಿ ಹೊರಡಬಯಸುವ ಹೆಂಗಸರ ಹೆಸರು. ಪ್ಯಾಕೇಜುಗಳ ಬೆಲೆಯೆಲ್ಲ ಇಬ್ಬರ ಲೆಕ್ಕದ್ದು. ಒಬ್ಬರೇ ಹೋದರೆ ಕೋಣೆಯ ಪೂರ್ತಿ ಬಾಡಿಗೆ ಕಟ್ಟಬೇಕು. ಗಂಡ ಸತ್ತ ಹೆಂಗಸು ಲೋಕ ನೋಡಲು ಹೊರಟರೆ, ಪಕ್ಕದ ಖಾಲಿ ಹಾಸಿಗೆಗೂ ಅವಳಿಂದಲೇ ದುಡ್ಡು ಕೀಳುತ್ತಾರೆ. ಇದನ್ನು ಯಾವ ಸಂಕೋಚವೂ ಇಲ್ಲದೆ ಕರಪತ್ರದ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ.

ರೇಣುಕವ್ವ ಆ ಹೆಸರುಗಳನ್ನು ಜೋಡಿ ಮಾಡುತ್ತಾರೆ. ಬನಶಂಕರಿಯ ನಿವೃತ್ತ ಶಿಕ್ಷಕಿ ಶ್ರೀದೇವಿಯವರನ್ನು ಅಂಜನಾಪುರದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಮರಿಯಮ್ಮನವರ ಜೊತೆ ಒಂದೇ ಕೋಣೆಗೆ ಸೇರಿಸಿ ಥಾಯ್ಲೆಂಡಿಗೆ ಕಳಿಸಿದ್ದು ಅವರೇ. "ಇವ್ರು ಇಲ್ದಿದ್ರೆ ನಾನು ಪೋಸ್ಟರ್ ನೋಡಿ ಕೊರಿಯಾಗೆ ಹೊರಟುಬಿಡ್ತಿದ್ದೆ," ಎನ್ನುತ್ತಾರೆ ಶ್ರೀದೇವಿ. "ಅಲ್ಲಿ ಇಳಿದ ದಿನಾನೇ ಬೇಕು ಅಂತ ಬೀದಿ ಟೀ ಕುಡಿದೆ. ಇಪ್ಪತ್ತೈದೇ ಬಾತ್! ಮರಿಯಮ್ಮ ಗೊರಕೆ ಹೊಡೀತಾರೆ ಅನ್ನೋದೊಂದನ್ನ ಮಾತ್ರ ಹಲಗೇಲಿ ಬರೆದಿರ್ಲಿಲ್ಲ."

ಇಂಥ ಕೆಲಸಕ್ಕೆ ಏನು ಸಿಕ್ಕಿತು? ತಿಂಗಳಿಗೆ ಹತ್ತೊಂಬತ್ತು ಸಾವಿರದ ಐನೂರು. ದಿನಕ್ಕೆ ಇಪ್ಪತ್ತೈದು ಗಿರಾಕಿಗಳು, ನಲವತ್ತು ಫೋನು, ವೀಸಾ ಅರ್ಜಿಗಳ ರಾಶಿ. ಹೆಸರು ಮಾತ್ರ ಸಿಕ್ಕಿಲ್ಲ. ಅದು ಸಿಕ್ಕಿದ್ದು ಶಶಿಧರ್‌ಗೆ. ಅವರು ಮಾಲೀಕ ಚಿದಾನಂದ್ ಅವರ ಭಾಮೈದ, ಕಚೇರಿಯ ಮ್ಯಾನೇಜರ್. 'ನನ್ನ ಟೀ ಸೂತ್ರ' ಎಂದು ಶಶಿಧರ್ ಮಾಡಿದ ವಿಡಿಯೊವನ್ನು ಎರಡು ಲಕ್ಷ ಜನ ನೋಡಿದ್ದಾರೆ. ಅದರಲ್ಲಿ ಹಲಗೆ ಇದೆ. ಅದರ ಮೇಲೆ ಬರೆಯುವ ಕೈ ಇಲ್ಲ. ಶಶಿಧರ್ ಹತ್ತಕ್ಕೆ ಮೊದಲು ಕಚೇರಿಗೆ ಬಂದದ್ದನ್ನು ಕೆಳಗಿನ ಬೇಕರಿಯವರೂ ಕಂಡಿಲ್ಲ.

ಈ ಬಗ್ಗೆ ನಾನು ಕೇಳಿದರೆ ಶಶಿಧರ್ ನಗುತ್ತಾರೆ. "ಐಡಿಯಾ ಆಫೀಸಿಂದು ಅಲ್ವಾ ಮೇಡಂ? ಆಂಟಿಗೆ ಕ್ಯಾಮೆರಾ ಅಂದ್ರೆ ಭಯ."

"ನನ್ನ ಯಾರೂ ಕೇಳೇ ಇಲ್ಲಲ್ರೀ," ಎನ್ನುತ್ತಾರೆ ರೇಣುಕವ್ವ, ವೀಸಾ ಫೋಟೊಗಳಿಗೆ ಅಂಟು ಹಚ್ಚುತ್ತಾ.

ಇದಕ್ಕಿಂತ ಉರಿಯುವ ಸಂಗತಿ ಇನ್ನೊಂದಿದೆ. ಪ್ರತಿ ವರ್ಷ ಕಚೇರಿಗೆ ಒಂದು ಉಚಿತ ಸೀಟು ಬರುತ್ತದೆ. ಊರು ಕಂಡು ಬಂದವರು ಅದನ್ನು ಚೆನ್ನಾಗಿ ಮಾರುತ್ತಾರೆ ಎಂಬ ಲೆಕ್ಕದಲ್ಲಿ ವಿಮಾನ ಕಂಪನಿಯವರು ಕೊಡುವ ಸೀಟು. ಹನ್ನೊಂದು ವರ್ಷದಲ್ಲಿ ಅದು ರೇಣುಕವ್ವನವರ ಪಾಲಿಗೆ ಒಮ್ಮೆಯೂ ಬಂದಿಲ್ಲ. ಇಂಗ್ಲಿಷ್ ಸಾಲದು ಎಂದು ಒಂದು ವರ್ಷ, ಸೀಸನ್ನಿನಲ್ಲಿ ಕಚೇರಿ ಯಾರು ನೋಡಿಕೊಳ್ಳುವುದು ಎಂದು ಇನ್ನೊಂದು ವರ್ಷ. ಶಶಿಧರ್ ನಾಲ್ಕು ಸಲ ಹೋಗಿ ಬಂದಿದ್ದಾರೆ. ಒಂಬತ್ತು ವರ್ಷದ ಹಿಂದೆ ಆಸೆಯಿಂದ ಮಾಡಿಸಿದ ರೇಣುಕವ್ವನವರ ಪಾಸ್‌ಪೋರ್ಟ್ ಬರುವ ಫೆಬ್ರುವರಿಗೆ ಮುಗಿಯುತ್ತದೆ. ಒಳಗೆ ಒಂದು ಮುದ್ರೆಯೂ ಇಲ್ಲ.

ಈ ವರ್ಷದ ಸೀಟು ಬ್ಯಾಂಕಾಕಿಗೆ. ಚಿದಾನಂದ್ ಹತ್ತೂವರೆಗೆ ಬಂದು, ಗೋಡೆಗೆ ಹೊಸ ಪೋಸ್ಟರ್ ಅಂಟಿಸುತ್ತಾರೆ: 'ಒಂದಕ್ಕೆ ಹದಿನಾರು! ಕೊರಿಯಾದಲ್ಲಿ ನೀವೇ ಶ್ರೀಮಂತರು!' ಕೊರಿಯಾ ಪ್ಯಾಕೇಜಿನಲ್ಲಿ ಅವರಿಗೆ ತಲೆಗೆ ಹದಿನೆಂಟು ಸಾವಿರ ಉಳಿಯುತ್ತದೆ, ಥಾಯ್ಲೆಂಡಿನದರಲ್ಲಿ ನಾಲ್ಕು. ಆಮೇಲೆ ಹಲಗೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ.

"ರೇಣುಕಾ ಅವ್ರೆ, ಈ ಕೊರಿಯಾ ಸಾಲು ಒಂದ್ ತಿಂಗ್ಳು ಬೇಡ. ಅಳಿಸಿಬಿಡಿ."

"ಯಾಕ್ರೀ ಸರ? ತಪ್ಪೈತೇನು?"

"ತಪ್ಪು ಅಂತ ಯಾರಂದ್ರು? ನಾವೇನು ಸುಳ್ಳು ಹೇಳಲ್ವಲ್ಲ. ಸುಮ್ನೆ ಇರ್ತೀವಿ ಅಷ್ಟೆ. ಜನ ಕೇಳಿದ್ರೆ ದರ ಹೇಳಿ, ಸಾಕು. ಒಂದ್ ಇಪ್ಪತ್ತು ಸೀಟು ಹೋಗ್ಲಿ, ಬ್ಯಾಂಕಾಕ್ ಸೀಟು ಈ ಸಲ ನಿಮ್ದೇ. ಪ್ರಾಮಿಸ್."

ರೇಣುಕವ್ವ ಹಲಗೆಯತ್ತ ತಿರುಗುತ್ತಾರೆ. ಬಟ್ಟೆ ಕೈಯಲ್ಲಿದೆ. ಹಲಗೆಯ ಕೆಳಗಿನ ಅಂಚಿನಲ್ಲಿ ಬಿದ್ದ ಸುಣ್ಣದ ಪುಡಿಯನ್ನು ಮಾತ್ರ ಒರೆಸಿ ಬಟ್ಟೆ ಮಡಚಿಡುತ್ತಾರೆ. ಚಿದಾನಂದ್ ಅದನ್ನು ಒಪ್ಪಿಗೆ ಎಂದುಕೊಂಡು ಒಳಗೆ ಹೋಗುತ್ತಾರೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬೇಗೂರಿನ ಉಗ್ರಪ್ಪ ಬರುತ್ತಾರೆ. ಒಂದು ಕಾಲಕ್ಕೆ ರಾಗಿ ಬೆಳೆದ ನೆಲದಲ್ಲಿ ಈಗ ಹದಿನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದಾರೆ. ಮನೆಯ ಆರು ಜನರನ್ನೂ ವಿದೇಶಕ್ಕೆ ಕರೆದೊಯ್ಯುವ ಹುರುಪು. ಪೋಸ್ಟರ್ ಕಂಡದ್ದೇ ಕಣ್ಣರಳುತ್ತದೆ.

"ಏನಮ್ಮ ಇದು, ಒಂದಕ್ಕೆ ಹದಿನಾರಾ? ನಾನಲ್ಲಿ ಐದು ಲಕ್ಷ ತಗೊಂಡ್ಹೋದ್ರೆ ಎಂಬತ್ತು ಲಕ್ಷ! ಸಾಹುಕಾರ ಆಗೋದ್ನಲ್ಲ!"

"ಆಗ್ರೀ ಅಂಕಲ್, ಭಾಳ ಚಲೋ ಆತು," ಎಂದು ರೇಣುಕವ್ವ ನಗುತ್ತಾರೆ.

ಒಳಕೋಣೆಯ ಗಾಜಿನ ಹಿಂದೆ ಚಿದಾನಂದ್ ಎದ್ದು ನಿಂತಿದ್ದಾರೆ. ಆರು ಸೀಟು. ಉಗ್ರಪ್ಪನವರ ಚೆಕ್ ಪುಸ್ತಕ ಆಗಲೇ ಮೇಜಿನ ಮೇಲಿದೆ. ಸುಮ್ಮನಿದ್ದರೆ ಸಾಕು, ಸುಳ್ಳು ಹೇಳಬೇಕಾಗಿಲ್ಲ. ರೇಣುಕವ್ವ ಅರ್ಜಿಯನ್ನು ಎಳೆದುಕೊಂಡು ಮೊದಲ ಹೆಸರು ಬರೆಯುತ್ತಾರೆ. ಪೆನ್ನು ನಿಲ್ಲುತ್ತದೆ.

"ಅಂಕಲ್, ಅಲ್ಲಿ ಹಲಗಿ ಐತಲ್ಲ, ಒಂದೀಟು ಓದ್ರಿ."

ಉಗ್ರಪ್ಪ ಕನ್ನಡಕ ಹಣೆಗೇರಿಸಿ ಓದುತ್ತಾರೆ. "ಕಾಫಿ ಇನ್ನೂರೆಂಬತ್ತಾ? ಯಾವ ಕಾಫೀನಮ್ಮ ಅದು?"

"ಅಲ್ಲಿ ಎಲ್ಲಾರೂ ಕುಡಿಯೂ ಕಾಫೀನರೀ."

"ಊಟ ಆರ್ನೂರು! ಆರು ಜನ ಎರಡು ಹೊತ್ತು ಉಂಡ್ರೆ..." ಬೆರಳು ಮಡಚಿ ಲೆಕ್ಕ ಹಾಕುತ್ತಾ, ನಡುವೆ ಬಿಟ್ಟುಬಿಡುತ್ತಾರೆ. "ಥೂ, ಎಂಬತ್ತು ಲಕ್ಷ ಅವರ ಬಾಯಿಗೇ ಹೋಯ್ತಲ್ಲಮ್ಮ. ಮತ್ತೆ ಈ ಪೋಸ್ಟರ್ ಯಾಕೆ ಹಾಕಿದ್ದೀರ?"

"ಪೋಸ್ಟರ್ ನಾ ಹಾಕಿಲ್ರಿ. ಹಲಗಿ ಅಷ್ಟ ನಂದು. ನೋಡ್ರಿ, ಆ ಊರು ಭಾಳ ಚಂದ ಅಂತಾರ. ಕೈಯಾಗ ಐತಿ, ಹೋಗಬೇಕು ಅಂದ್ರ ಹೋಗ್ರಿ. ಸೋವಿ ಅಂತ ತಿಳ್ಕೊಂಡು ಮಾತ್ರ ಹೋಗಬ್ಯಾಡ್ರಿ."

ಉಗ್ರಪ್ಪ ಚೆಕ್ ಪುಸ್ತಕ ಜೇಬಿಗಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಕೇಳಿ ಬರುತ್ತೇನೆ ಎನ್ನುತ್ತಾರೆ. ಬಾಗಿಲ ಬಳಿ ತಿರುಗಿ, "ನೀನು ಇಲ್ಲಿ ಎಷ್ಟು ದಿನ ಇರ್ತೀಯೋ ಕಾಣೆ ಕಣಮ್ಮ," ಎಂದು ಮೆಟ್ಟಿಲು ಇಳಿಯುತ್ತಾರೆ.

ಚಿದಾನಂದ್ ಕೂಗಾಡುವುದಿಲ್ಲ. ಮೂರು ಗಂಟೆಗೆ ಶಶಿಧರ್ ಅವರನ್ನು ಕರೆದು, ಎಲ್ಲರಿಗೂ ಕೇಳುವಂತೆ, "ಬ್ಯಾಂಕಾಕಿಗೆ ನೀನೇ ಹೋಗ್ಬಾಪ್ಪ," ಎನ್ನುತ್ತಾರೆ. ಆ ಟಿಕೆಟ್ ಬರೆಯಬೇಕಾದವರು ರೇಣುಕವ್ವ. ಬರೆಯುತ್ತಾರೆ. ಹೆಸರಿನ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟಿನೊಂದಿಗೆ ಎರಡು ಸಲ ತಾಳೆ ನೋಡುತ್ತಾರೆ, ಎಲ್ಲ ಗಿರಾಕಿಗಳಿಗೂ ನೋಡುವ ಹಾಗೆ.

ಶಶಿಧರ್ ಟಿಕೆಟಿನ ಪ್ರತಿ ಪಡೆದು, "ಆಂಟಿ, ಅಲ್ಲಿ ಟೀ ಎಷ್ಟು?" ಎಂದು ಕೇಳುತ್ತಾರೆ. ತಮಾಷೆಗೆ ಕೇಳಿದರೋ, ತಿಳಿಯದೆಯೇ ಕೇಳಿದರೋ. ಟೀ ಸೂತ್ರದ ಜನಕ ಅವರು.

"ಹಲಗಿ ಮ್ಯಾಲ ಐತ್ರಿ," ಎನ್ನುತ್ತಾರೆ ರೇಣುಕವ್ವ.

ಪ್ರವಾಸದ ವ್ಯಾಪಾರದಲ್ಲಿ ಸತ್ಯ ಹೇಳಿದ್ದಕ್ಕೆ ತೆರುವ ಬೆಲೆ ಇದು, ಅದನ್ನು ತೆತ್ತದ್ದು ಹತ್ತೊಂಬತ್ತು ಸಾವಿರದ ಐನೂರರ ಸಂಬಳದವರು. ಹಲಗೆ ಓದಿ ದುಡ್ಡು ಉಳಿಸಿಕೊಂಡವರು ಜಯನಗರದಿಂದ ಬೇಗೂರಿನವರೆಗೆ ನೂರಾರು ಮಂದಿ ಇದ್ದಾರೆ. ಅವರು ಅಲ್ಲಿಂದ ತಂದ ಫ್ರಿಜ್ಜಿನ ಮ್ಯಾಗ್ನೆಟ್‌ಗಳು ಕಚೇರಿಯ ಕಬ್ಬಿಣದ ಬೀರುವಿನ ತುಂಬ ಅಂಟಿವೆ. ಒಬ್ಬರಾದರೂ ಒಳಕೋಣೆಯ ಬಾಗಿಲು ತಟ್ಟಿ, ಈ ಹೆಂಗಸನ್ನು ಒಮ್ಮೆ ಕಳಿಸಿ ಎಂದು ಕೇಳಿದ್ದರೆ?

ಹಾಗೆ ಅಂದರೆ ರೇಣುಕವ್ವನವರಿಗೇ ಸಂಕೋಚ. "ಅವರಿಗೇನು ಗೊತ್ರೀ ಪಾಪ. ನಾ ಎಲ್ಲಾ ದೇಶ ತಿರಿಗೀನಿ ಅಂತ ತಿಳಿದಾರ ಅವ್ರು. ಹಂಗ ಹೇಳ್ತೀನಲ್ರೀ!" ನಗು ಬಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. "ಗಂಗಯ್ಯ ಅಂಕಲ್ ಆವತ್ತು ಬೈದಿದ್ರ ಮರ್ತು ಬಿಡ್ತಿದ್ದೆ. ಅವ್ರು ಬೈಲಿಲ್ಲ. ಅದಕ್ಕ ಆ ಸಾಲು ಅಳಸಾಕ ಬರವಲ್ದು."

ಮಾರನೆಯ ಬೆಳಿಗ್ಗೆ ಆರು ಗಂಟೆ. ಬೇಕರಿಯ ಶಟರ್ ಅರ್ಧ ಎದ್ದಿದೆ. ರೇಣುಕವ್ವ ಹಲಗೆ ಒರೆಸಿ, ಸಿಯೋಲ್‌ನ ಹುಡುಗಿಯನ್ನು ಕೇಳಿ, ಕೊರಿಯಾದ ಸಾಲನ್ನು ಮೊದಲು ಬರೆಯುತ್ತಾರೆ. ಆಮೇಲೆ ಫೋನು ಸ್ಪೀಕರಿಗೆ ಹಾಕುತ್ತಾರೆ.

"ಗುರುಸಿದ್ದ, ಚಹಾ ಎಷ್ಟೋ?"

"ಮೂವತ್ತು ಮಾಡ್ಯಾನ ಅಕ್ಕಾ ಇವತ್ತಿನಿಂದ. ಹಾಲು ತುಟ್ಟಿ ಆಗೇತಂತ. ನಿಂದು ಸೀಟು ಏನಾತು? ಬರಾಕತ್ತಿಯಿಲ್ಲೋ?"

ಪಾಸ್‌ಪೋರ್ಟಿಗೆ ಇನ್ನೂ ಕೆಲವು ತಿಂಗಳಿದೆ. ಆಸೆ ದೊಡ್ಡದೇನಲ್ಲ: ಗುರುಸಿದ್ದನ ಓಣಿಯಲ್ಲಿ ನಿಂತು, ತಮ್ಮ ಕೈಯಿಂದ ದುಡ್ಡು ಕೊಟ್ಟು, ಒಂದು ಚಹಾ ಕುಡಿಯಬೇಕು.

"ಈ ವರ್ಷ ಇಲ್ಲೋ ತಮ್ಮಾ," ಎನ್ನುತ್ತಾರೆ ರೇಣುಕವ್ವ. ಥಾಯ್ಲೆಂಡಿನ ಸಾಲಿನಲ್ಲಿ ಎಂಬತ್ತಮೂರು ಎಂದು ಬರೆದು, ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. "ಆ ಚಹಾದವಗ ಹೇಳಿಡು, ಗದಗದಾಕಿ ಒಬ್ಬಾಕಿ ಬರಾಕಿ ಅದಾಳ, ಅಲ್ಲೀತನಾ ಇನ್ನ ಏರಿಸಬ್ಯಾಡ ಅಂತ."