ಬ್ಯಾಂಕಿನ ವಕೀಲರು ಕೇಳಿದ ತಂಗಿ

ನನ್ನ ಗಂಡ ಕೊರಗಪ್ಪನವರಂಥ ಪುಕ್ಕಲರು ಈ ಕುವೈತಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ದಾರಿಯಲ್ಲಿ ಪೊಲೀಸಿನವನು ಕಂಡರೆ ಸಾಕು, ಜೇಬಿನಲ್ಲಿ ಇಕಾಮಾ, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿಯ ಕಾರ್ಡು, ಇದೆಯೋ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ; ಇದ್ದರೂ ಬೆವರುತ್ತಾರೆ. ಲಿಫ್ಟಿನಲ್ಲಿ ಒಬ್ಬರೇ ಹೋಗುವುದಿಲ್ಲ. ಸಬ್ಹಾನಿನ ಬಿಸ್ಕತ್ತು ಫ್ಯಾಕ್ಟರಿಯ ಗೋದಾಮಿನಲ್ಲಿ ಇಷ್ಟು ವರ್ಷ ದುಡಿದರೂ ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೆದರಿಕೆಯ ಜೊತೆ ಸಂಸಾರ ಮಾಡಿದವಳು ನಾನು, ಆಶಾಲತಾ.

ಇವರಿಗೆ ವೀಸಾ ಕೊಡಿಸಿ ಕರೆಸಿಕೊಂಡವರು ದೇಜಪ್ಪಣ್ಣ. ಅದೇ ಗೋದಾಮಿನ ದೊಡ್ಡ ಮೇಸ್ತ್ರಿ, ನಮ್ಮೂರು ಕುಳಾಯಿಯವರೇ. ವೀಸಾ ಕೊಡುವ ಧಣಿ ಕಫೀಲನ ಹತ್ತಿರ ನೆಟ್ಟಗೆ ಹೋಗಿ ಕೂತು ಅರಬ್ಬರ ಕಾಫಿ ಕಾವಾ ಕುಡಿಯುವಷ್ಟು ಸಲಿಗೆ ಅವರಿಗೆ. ಯಾರ ಇಕಾಮಾ ನವೀಕರಿಸಬೇಕು, ಯಾರನ್ನು ಊರಿಗೆ ಅಟ್ಟಬೇಕು ಎಂಬುದು ಅವರ ಒಂದು ಮಾತಿನಲ್ಲಿತ್ತು.

2009ರಲ್ಲಿ ಜನರನ್ನು ಕೆಲಸದಿಂದ ತೆಗೆಯಲು ಶುರು ಮಾಡಿದರು. ನಮ್ಮ ಕಟ್ಟಡದಲ್ಲೇ ಎರಡು ಮನೆ ಖಾಲಿಯಾಯಿತು. ನಮಗೋ, ಊರಲ್ಲಿ ತಲೆಯ ಮೇಲೆ ಒಂದು ಸೂರಿರಲಿಲ್ಲ. ನಾಳೆ ಹೋಗು ಎಂದರೆ ಮಗಳನ್ನು ಕಟ್ಟಿಕೊಂಡು ಹೋಗುವುದೆಲ್ಲಿಗೆ? ಆ ಹೊತ್ತಿಗೆ ಸರಿಯಾಗಿ ದೇಜಪ್ಪಣ್ಣ ತನ್ನ ತೀರಿಕೊಂಡ ತಾಯಿಯ ಹೆಸರಿನಲ್ಲಿದ್ದ ಮನೆಯನ್ನು ಮಾರುತ್ತೇನೆಂದರು. ಬಾವಿ, ಎರಡು ತೆಂಗು, ಬೆಳಕು ಬೀಳುವ ಅಡುಗೆಮನೆ. ಸಣ್ಣವಳಿದ್ದಾಗ ಆ ಮನೆಯ ಮುಂದೆಯೇ ಶಾಲೆಗೆ ನಡೆದವಳು ನಾನು. ಆಸೆಯಾಯಿತು, ಸುಳ್ಳೇಕೆ ಹೇಳಲಿ?

ಸಾಲ ಕೊಡುವ ಬ್ಯಾಂಕಿನವರು ಒಂದೇ ಮಾತು ಹೇಳಿದರು: ಆಸ್ತಿಯ ಪತ್ರಗಳನ್ನು ತಮ್ಮ ಪಟ್ಟಿಯಲ್ಲಿರುವ ವಕೀಲರೇ ನೋಡಬೇಕು. ಅದನ್ನು ಕೇಳಿ ದೇಜಪ್ಪಣ್ಣನ ಮುಖ ಗಂಟಾಯಿತು.

"ನನ್ನದೇ ವಕೀಲ ಇದ್ದಾನಲ್ಲ ಮಾರಾಯ. ಆ ಬ್ಯಾಂಕಿನವರದ್ದು ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

ನನ್ನ ಗಂಡ ಅಲ್ಲೇ ಕುಗ್ಗಿ ಹೋದರು. ನಾನೇ ಬಾಯಿ ಹಾಕಿದೆ. "ಅದು ಬ್ಯಾಂಕಿನ ರೂಲ್ಸು ಅಣ್ಣಾ, ನಾವು ಮಾಡಿದ್ದಲ್ಲ."

ಮುಂದಿನ ಶುಕ್ರವಾರ ಮಂಗಳೂರಿನಿಂದ ಬ್ಯಾಂಕಿನ ವಕೀಲರ ಫೋನು ಬಂತು. ಹೆಂಗಸು, ಕಡ್ಡಿ ಮುರಿದಂಥ ಮಾತು. "ಆ ತಾಯಿಗೆ ವಾರಿಜ ಅಂತ ಒಬ್ಬಳು ಮಗಳೂ ಇದ್ದಾಳೆ. ಅವಳ ಪಾಲು ಇದ್ದೇ ಇರ್ತದೆ. ಅವಳ ರುಜು ಎಲ್ಲಿ?"

"ಅವರು ತೀರಿಕೊಂಡಿದ್ದಾರೆ ಮೇಡಂ," ಎಂದರು ಇವರು, ಎಳ್ಳಷ್ಟೂ ತಡವರಿಸದೆ. "ಉತ್ತರಕ್ರಿಯೆಯ ದಿನ ಬೊಜ್ಜದ ಊಟ ನಾನೇ ಉಂಡಿದ್ದೇನೆ."

"ಊಟ ಉಂಡದ್ದು ಸಾಕ್ಷಿ ಆಗುದಿಲ್ಲ ಕೊರಗಪ್ಪನವರೇ. ಮರಣಪತ್ರ ಕಳಿಸಿ."

ಫೋನು ಇಟ್ಟ ಮೇಲೆ, ಆ ಹೆಂಗಸು ಹೇಗೆ ಸತ್ತದ್ದು ಎಂದು ಕೇಳಿದೆ. ಆಗ ಇವರು ಮೆಲ್ಲ ಬಾಯಿ ಬಿಟ್ಟರು: ವಾರಿಜ ಸತ್ತೇ ಇಲ್ಲ! ನಾನು ತೀರ ಸಣ್ಣವಳಿದ್ದಾಗಿನ ಕಥೆ; ಬರ್ನಾರ್ಡ್ ಎಂಬ ಕ್ರೈಸ್ತರ ಹುಡುಗನ ಜೊತೆ ಓಡಿ ಹೋದದ್ದಕ್ಕೆ ಮನೆಯವರು ರೋಷದಲ್ಲಿ ಬದುಕಿದ್ದವಳ ಉತ್ತರಕ್ರಿಯೆ ಮಾಡಿ, ನೆಂಟರಿಷ್ಟರನ್ನೆಲ್ಲ ಕರೆದು ಊಟ ಹಾಕಿದ್ದರು. ಅಂದಿನಿಂದ ಊರಿಗೆ ಊರೇ ಅವಳು ಸತ್ತಳೆಂದೇ ಹೇಳಿತು. ಹೇಳಿ ಹೇಳಿ ಇವರಿಗೂ ಅದೇ ನಿಜವಾಗಿತ್ತು. ವಕೀಲರ ಹತ್ತಿರ ಸುಳ್ಳು ಹೇಳಿದೆ ಎಂದು ಅನ್ನಿಸಿಯೂ ಇರಲಿಲ್ಲ.

"ಅಯ್ಯೋ, ನಿಮ್ಮ ತಲೆಗೆ ಏನಾಗಿದೆ!" ಎಂದು ಕೂಗಿದೆ. ಕೂಗಿ ಏನು ಪ್ರಯೋಜನ?

ಎರಡು ದಿನದಲ್ಲಿ ದೇಜಪ್ಪಣ್ಣ ಉಪಾಯ ಹುಡುಕಿದರು. ಹಳೆಯ ಸಾವು, ಪತ್ರ ಸಿಗುವುದಿಲ್ಲ, ಬೊಜ್ಜಕ್ಕೆ ಬಂದ ಕೊರಗಪ್ಪನೇ ಎಂಬೆಸಿಯಲ್ಲಿ ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟರೆ ಮುಗಿಯಿತು. "ಒಂದು ರುಜು ಮಾರಾಯ. ಬರುವ ತಿಂಗಳು ನಿನ್ನ ಇಕಾಮಾ ಮುಗೀತದಲ್ಲ, ಅದನ್ನು ನಾನು ನೋಡಿಕೊಳ್ತೇನೆ." ನಗುತ್ತಲೇ ಹೇಳಿದರು.

ಆ ವಾರ ಇವರು ಸರಿಯಾಗಿ ಉಣ್ಣಲಿಲ್ಲ. ಸುಳ್ಳು ಪ್ರಮಾಣ ಮಾಡಿದರೆ ಜೈಲು, ಮಾಡದಿದ್ದರೆ ಕೆಲಸ ಹೋಯಿತು, ಮಗಳ ಶಾಲೆ ಹೋಯಿತು. ಯಾವಾಗಲೂ ಇವರನ್ನು ಗೇಲಿ ಮಾಡುವ ನಾನೇ, ಯಾರು ಬಾಗಿಲು ತಟ್ಟಿದರೂ ಕಿಂಡಿಯಲ್ಲಿ ನೋಡದೆ ತೆರೆಯುತ್ತಿರಲಿಲ್ಲ.

ಕಡೆಗೆ ಕೆಳಗಿನ ಮನೆಯ ನರ್ಸ್ ಆಗ್ನೆಸ್‌ಳನ್ನು ಕೇಳಿದೆ. ಮಂಗಳೂರು ಕಡೆಯ ಕ್ರೈಸ್ತರೆಲ್ಲ ಅವಳಿಗೆ ಗುರುತು. "ಬರ್ನಾರ್ಡನ ವಾರಿಜನಾ? ಇಲ್ಲೇ ಫಹಾಹೀಲಿನಲ್ಲಿ ಇದ್ದಾಳಲ್ಲ!" ಎಂದಳು. ಅಣ್ಣ ಸಬ್ಹಾನಿನಲ್ಲಿ, ಸತ್ತ ತಂಗಿ ಬಸ್ಸು ಹತ್ತಿದರೆ ಮುಟ್ಟುವ ದೂರದಲ್ಲಿ.

ನಾವಿಬ್ಬರೂ ಹೋದೆವು. ಬಾಗಿಲು ತೆರೆದವಳನ್ನು ಕಂಡು ಇವರು ನನ್ನ ಹಿಂದೆ ಸರಿದರು, ನನ್ನ ಸೆರಗು ಹಿಡಿಯುವುದೊಂದು ಬಾಕಿ. ನರೆತ ಕೂದಲಿನ ಮೆತ್ತಗಿನ ಹೆಂಗಸು, ಮಗಳ ಕೈಯಲ್ಲಿ ಚಹಾ ತರಿಸಿ ಕೊಟ್ಟಳು. ನಾನು ಇದ್ದುದನ್ನು ಇದ್ದ ಹಾಗೆ ಹೇಳಿದೆ.

"ನಂಗೆ ಪಾಲು ಬೇಡ," ಎಂದಳು. "ರುಜು ಹಾಕ್ತೇನೆ, ನೀವು ಅಲ್ಲಿ ಸುಖವಾಗಿರಿ. ಆದರೆ ಸತ್ತವಳು ರುಜು ಹಾಕುದು ಹೇಗೆ? ನಾನು ಉಂಟು ಅಂತ ಮೊದಲು ಅಣ್ಣ ಹೇಳ್ಲಿ."

ಬಸ್ಸಿನಲ್ಲಿ ನನಗೆ ತುಸು ಧೈರ್ಯ ಬಂದಿತ್ತು. ಇವರಿಗೆ ಇದ್ದಬದ್ದದ್ದೂ ಹೋಗಿತ್ತು. ಅದನ್ನು ದೇಜಪ್ಪಣ್ಣನಿಗೆ ಹೇಳುವವರು ಯಾರು? ನಾನು ಹೇಳುತ್ತೇನೆಂದರೆ "ಬೇಡ ಮಾರಾಯ್ತಿ, ಕೈ ಮುಗೀತೇನೆ" ಎಂದರು.

ಶುಕ್ರವಾರ ಮತ್ತೆ ವಕೀಲರು ಫೋನು ಮಾಡುವುದಿತ್ತು. ದೇಜಪ್ಪಣ್ಣ ಅಫಿಡವಿಟ್ ಬರೆಸಿ ತಂದು, ನಮ್ಮ ಸೋಫಾದ ಮೇಲೆ ಇವರ ಮೈಗೆ ಮೈ ತಾಗಿಸಿ ಕುಳಿತರು. ಫೋನು ಬಂತು. ಅವರೇ ಸ್ಪೀಕರ್ ಒತ್ತಿದರು.

"ಕೊರಗಪ್ಪನವರೇ, ಪ್ರಮಾಣ ಮಾಡುವ ಮೊದಲು ನನಗೆ ಬಾಯಲ್ಲಿ ಹೇಳಿ. ವಾರಿಜ ಇದ್ದಾರೋ, ಇಲ್ವೋ?"

ಇವರು ಜೇಬಿನ ಇಕಾಮಾ ಕಾರ್ಡನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದುದು ಅಡುಗೆಮನೆಯ ಬಾಗಿಲಲ್ಲಿದ್ದ ನನಗೆ ಕಾಣುತ್ತಿತ್ತು. 'ಸತ್ತರು ಎಂದುಬಿಡಿ, ನಮ್ಮ ಮನೆ ಉಳಿಯಲಿ' ಎಂದು ನನ್ನ ಮನಸ್ಸು ಕೂಗಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

"ಇದ್ದಾರೆ ಮೇಡಂ," ಎಂದರು ನನ್ನ ಗಂಡ. ದನಿ ಇಲಿಮರಿಯದ್ದು. "ಫಹಾಹೀಲಿನಲ್ಲಿ ಇದ್ದಾರೆ. ಮೊನ್ನೆ ಹೋಗಿ ಮಾತಾಡಿ ಬಂದೆ."

"ಸರಿ. ಹಾಗಾದ್ರೆ ಅವರ ರುಜು ಇಲ್ಲದೆ ಈ ಮನೆಗೆ ಸಾಲ ಇಲ್ಲ," ಎಂದು ವಕೀಲರು ಫೋನು ಇಟ್ಟರು.

ದೇಜಪ್ಪಣ್ಣ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿ, ನಮಗೆ ಬೆನ್ನು ಹಾಕಿಯೇ ಕೇಳಿದರು.

"ಅವಳಿಗೆ ಮಕ್ಕಳು ಉಂಟಾ?"

ನಮ್ಮ ಕಡೆ ತಂಗಿಯ ಮಕ್ಕಳಿಗೆ ಸೋದರಮಾವನೇ ಹಿರಿಯ, ಅವರ ಮದುವೆಯಲ್ಲೂ ಅವನೇ ಮುಂದೆ ನಿಲ್ಲಬೇಕು. ಆಸ್ತಿಗೆ ಬಾಯಿ ಹಾಕುವವರು ಇನ್ನೆಷ್ಟು ಜನ ಎಂದು ಲೆಕ್ಕ ಹಾಕಲು ಕೇಳಿದರೋ, ಮಾವನಾಗಿ ಕೇಳಿದರೋ, ತಿಳಿಯಲಿಲ್ಲ. ಹೇಳಬೇಡಿ ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ.

"ಒಬ್ಬಳು ಮಗಳು ಅಣ್ಣಾ," ಎಂದರು ಇವರು. "ಅಶ್ಮಿತಾ ಅಂತ."

ಅವರು ತಿರುಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಆ ಹೆಸರನ್ನು ಒಮ್ಮೆ ಮೆಲ್ಲಗೆ ತಮ್ಮಷ್ಟಕ್ಕೇ ಹೇಳಿಕೊಂಡರು. ನಾವಿಬ್ಬರೂ ಅವರ ಬೆನ್ನನ್ನೇ ನೋಡುತ್ತಿದ್ದೆವು.